ಖಾಲಿ ಬಿಟ್ಟ ಕಾಲಂ, ಬಿಚ್ಚಿ ನೋಡಿದ ತಂತ್ರಾಂಶ



ಈ ವಾರದ ವಿಷಯ ಮೇಲ್ನೋಟಕ್ಕೆ ಇಂಜಿನಿಯರುಗಳಿಗೆ ಮಾತ್ರ ಸಂಬಂಧಿಸಿದ್ದೆಂದು ತೋರಬಹುದು. ಅದು ನಮ್ಮ ಮನೆಬಾಗಿಲಿಗೆ ಹೇಗೆ ಬಂದಿತೆಂಬುದನ್ನು ಮೊದಲು ಹೇಳುತ್ತೇನೆ.

ಶಾಲೆಗಳು ಆರಂಭವಾಗುವ ಜೂನ್ ತಿಂಗಳ ಒಂದು ಮುಂಜಾನೆ ಗಡಿಭಾಗದ ಒಂದು ಕನ್ನಡ ಶಾಲೆಯ ಕಚೇರಿಯಲ್ಲಿ ಮುಖ್ಯಾಧ್ಯಾಪಕರೊಡನೆ ಕುಳಿತಿದ್ದೆ. ಶಿರೂರ ಅನಂತಪಾಳದಿಂದ ಎರಡು ಬಸ್ಸು ಬದಲಿಸಿ ಪಾಲಕರೊಬ್ಬರು ಬಂದರು. ಅವರ ಮಗಳು ಬಂಧುಗಳ ಮನೆಯಲ್ಲಿದ್ದು ಏಳನೆಯ ಇಯತ್ತೆಯವರೆಗೆ ಈ ಶಾಲೆಯಲ್ಲಿ ಓದಿದವಳು. ಈಗ ಹನ್ನೆರಡನೆಯದನ್ನು ಮುಗಿಸಿ ಮುಂದಿನ ಪ್ರವೇಶಕ್ಕೆ ಓಡಾಡುತ್ತಿದ್ದಾಳೆ. ಮನೆ ಬದಲಿಸುವಾಗ ಅವಳ ಶಾಲೆ ಬಿಟ್ಟ ದಾಖಲೆ ಕಳೆದುಹೋಗಿತ್ತು. ಅದರ ಎರಡನೆಯ ಪ್ರತಿಯನ್ನು ಪಡೆಯುವುದಕ್ಕಾಗಿ ಅವರು ಬಂದಿದ್ದರು. ಜನರಲ್ ರಜಿಸ್ಟರಿನ ಆ ವರ್ಷದ ಪುಟಗಳು ಮಳೆನೀರಿಗೆ ಸಿಕ್ಕಿ ಶಾಯಿ ಹರಡಿದ್ದವು. ಆದರೂ ಚಿಂತೆಯಿಲ್ಲವೆಂದು ಗುರುಗಳು ಹಳೆಯ ಗಣಕಯಂತ್ರವನ್ನು ತೆರೆದರು. ಅದರಲ್ಲಿ ದಾಖಲೆಗಳನ್ನು ಮುದ್ರಿಸಿಕೊಡುವ ಒಂದು ಚಿಕ್ಕ ತಂತ್ರಾಂಶವಿತ್ತು. ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬ ಕಾಲೇಜಿನಲ್ಲಿದ್ದಾಗ ಪ್ರೀತಿಯಿಂದ, ಒಂದು ರೂಪಾಯಿಯನ್ನೂ ಪಡೆಯದೆ ಮಾಡಿಕೊಟ್ಟದ್ದು ಅದು. ಹುಡುಗಿಯ ಹೆಸರು ಸಿಕ್ಕಿತು, ಕಾಗದ ಹೊರಬಂದಿತು.

ಆ ತಂದೆ ಕಾಗದವನ್ನು ಎರಡು ಸಲ ಓದಿದರು. ಬಳಿಕ ಮೆಲ್ಲನೆ ಕೇಳಿದರು: "ಸರ್, ನಮ್ಮ ಮನಿಯಾಗ ಮುತ್ತ್ಯಾನ ಕಾಲದಿಂದ ಕನ್ನಡಾನ ಮಾತಾಡ್ತೀವ್ರಿ. ಮಗಳು ಏಳನೇತನಕ ಕನ್ನಡ ಶಾಲ್ಯಾಗ ಕಲ್ತಾಳ. ಇದರಾಗ ಮಾತೃಭಾಷೆ ಮರಾಠಿ ಅಂತ ಹ್ಯಾಂಗ ಬಂತ್ರಿ?"

ಮುಖ್ಯಾಧ್ಯಾಪಕರಲ್ಲಿ ಉತ್ತರವಿರಲಿಲ್ಲ. ಯಂತ್ರ ಹೇಳಿತು, ಕಾಗದ ಬಂದಿತು, ಅಷ್ಟೇ. ಮರಾಠಿ ನಮ್ಮ ನೆರೆಹೊರೆಯ ಭಾಷೆ, ಸಂತೆಯ ಭಾಷೆ, ನಮ್ಮ ರಾಜ್ಯದ ಭಾಷೆ. ಅದರ ಬಗ್ಗೆ ನಮಗೆ ತಕರಾರಿಲ್ಲ. ಆದರೆ ಭಾಷಾ ಅಲ್ಪಸಂಖ್ಯಾತರಿಗೆ ಇರುವ ಸೌಲಭ್ಯವನ್ನು ಕೇಳಲು ಹೋದಾಗ ಈ ಒಂದು ಕಾಲಮ್ಮನ್ನೇ ನೋಡುತ್ತಾರೆ. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಅನುಕೂಲವನ್ನು ಒದಗಿಸಬೇಕೆನ್ನುವ ಸಂವಿಧಾನದ 350ಎ ಅನುಚ್ಛೇದವನ್ನು 1956ರ ಏಳನೆಯ ತಿದ್ದುಪಡಿಯಲ್ಲಿ ಸೇರಿಸಿದ್ದು ನಮ್ಮಂಥ ಗಡಿಯ ಜನರನ್ನು ಕಣ್ಣಮುಂದಿಟ್ಟುಕೊಂಡೇ. ಆ ಅನುಚ್ಛೇದದ ಫಲವಾಗಿ ನಡೆಯುವ ಶಾಲೆಯ ದಾಖಲೆಯಲ್ಲಿಯೇ ಮಗುವಿನ ಭಾಷೆ ತಪ್ಪಾದರೆ ಅದನ್ನು ಸಣ್ಣ ತಪ್ಪೆಂದು ಬಿಡಲಾಗದು.

ದತ್ತಾಂಶದ ಕಡತವನ್ನು ತೆರೆದು ನೋಡಿದೆವು. ಅದರಲ್ಲಿ ಮಾತೃಭಾಷೆಯ ಹೆಸರುಗಳೇ ಇರಲಿಲ್ಲ. ಒಬ್ಬರ ಮುಂದೆ 1, ಇನ್ನೊಬ್ಬರ ಮುಂದೆ 2, ಹೀಗೆ ಬರೀ ಅಂಕೆಗಳಿದ್ದವು. ನಮ್ಮ ಹುಡುಗಿಯ ಮುಂದೆ ಏನೂ ಇರಲಿಲ್ಲ. ಅದು ಖಾಲಿ. ಹಾಗಾದರೆ ಖಾಲಿ ಜಾಗವನ್ನು "ಮರಾಠಿ" ಎಂದು ಓದಿದವರು ಯಾರು? ಉತ್ತರ ತಂತ್ರಾಂಶದ ಒಳಗಿತ್ತು. ತಂತ್ರಾಂಶವನ್ನು ಬರೆದ ಹಳೆಯ ವಿದ್ಯಾರ್ಥಿಗೆ ಫೋನು ಮಾಡಿದೆವು. ಅವನು ಈಗ ಪುಣೆಯಲ್ಲಿದ್ದಾನೆ. "ಗುರುಗಳೇ, ಮೂಲಸಂಕೇತ ನನ್ನ ಹಳೆಯ ಲ್ಯಾಪ್‌ಟಾಪಿನೊಂದಿಗೇ ಹೋಯಿತು. ಏನು ಬರೆದಿದ್ದೆನೋ ನೆನಪಿಲ್ಲ. ನೀವು ಬಿಚ್ಚಿ ನೋಡಿರಿ, ನನ್ನ ಒಪ್ಪಿಗೆ ಇದೆ" ಎಂದನು. ಹೀಗೆ ನಾವು ತಂತ್ರಾಂಶವನ್ನು ಬಿಚ್ಚುವ ಸಲಕರಣೆಯ ಹುಡುಕಾಟಕ್ಕೆ ತೊಡಗಿದೆವು.

ಬೇಳೆಯಿಂದ ತೊಗರಿಗೆ

ತಂತ್ರಾಂಶವನ್ನು ಬರೆಯುವವನು ಮನುಷ್ಯರಿಗೆ ತಿಳಿಯುವ ಭಾಷೆಯಲ್ಲಿ ಬರೆಯುತ್ತಾನೆ. ಅದು ಮೂಲಸಂಕೇತ. ಅದನ್ನು ಕಂಪೈಲರ್ ಎಂಬ ಇನ್ನೊಂದು ತಂತ್ರಾಂಶ ಯಂತ್ರಕ್ಕೆ ತಿಳಿಯುವ ರೂಪಕ್ಕೆ ತರುತ್ತದೆ. ನಮ್ಮ ಕೈಗೆ ಬರುವುದು ಈ ಎರಡನೆಯ ರೂಪ ಮಾತ್ರ. ಲಾತೂರಿನ ದಾಳ್ ಮಿಲ್ಲುಗಳನ್ನು ನೀವು ನೋಡಿದ್ದೀರಿ. ಒಂದು ಕಡೆಯಿಂದ ತೊಗರಿ ಹೋಗುತ್ತದೆ, ಇನ್ನೊಂದು ಕಡೆಯಿಂದ ಬೇಳೆ ಬರುತ್ತದೆ. ಬೇಳೆಯನ್ನು ನೋಡಿ ಇದು ತೊಗರಿಯದೆಂದೂ ಕಾಳಿನ ಗಾತ್ರ ಇಷ್ಟಿತ್ತೆಂದೂ ಹೇಳಬಹುದು. ಆದರೆ ಹೊಟ್ಟನ್ನು ಮತ್ತೆ ಅಂಟಿಸಿ ಬಿತ್ತನೆಯ ಕಾಳನ್ನು ಮಾಡಲು ಬಾರದು.

ಡಿಕಂಪೈಲರ್ ಮಾಡುವ ಕೆಲಸ ಬೇಳೆಯನ್ನು ನೋಡಿ ತೊಗರಿಯ ಚಿತ್ರವನ್ನು ಬರೆಯುವಂಥದು. ಅದು ಯಂತ್ರರೂಪವನ್ನು ಓದಿ, ಮನುಷ್ಯರು ಓದಬಹುದಾದ ಸಂಕೇತವನ್ನು ಮತ್ತೆ ಬರೆದುಕೊಡುತ್ತದೆ. ಬರೆದವನು ಅಲ್ಲಲ್ಲಿ ಹಾಕಿದ್ದ ಟಿಪ್ಪಣಿಗಳು ಮರಳಿ ಬರುವುದಿಲ್ಲ. ಇಟ್ಟಿದ್ದ ಹೆಸರುಗಳಲ್ಲಿ ಕೆಲವು ಉಳಿಯುತ್ತವೆ, ಕೆಲವು ಅಳಿಯುತ್ತವೆ. ಎಷ್ಟು ಉಳಿಯುತ್ತದೆಂಬುದು ತಂತ್ರಾಂಶವನ್ನು ಯಾವ ಭಾಷೆಯಲ್ಲಿ, ಯಾವ ಕಂಪೈಲರಿನಿಂದ ಸಿದ್ಧಪಡಿಸಿದ್ದಾರೆ ಎಂಬುದನ್ನು ಅವಲಂಬಿಸಿರುತ್ತದೆ.

ನಮ್ಮ ಮರಾಠವಾಡಾದ ಹಳೆಯ ಮನೆಗಳಲ್ಲಿ ಮೋಡಿ ಲಿಪಿಯ ಕಾಗದಗಳು ಇನ್ನೂ ಇವೆ. ಮೋಡಿಯಲ್ಲಿ ಮೊದಲು ಉದ್ದಕ್ಕೂ ತಲೆಗೆರೆಯನ್ನು ಎಳೆದು, ಕೈಯೆತ್ತದೆ ಬರೆಯುತ್ತ ಹೋಗುತ್ತಿದ್ದರು. ಪದಗಳ ನಡುವೆ ಬಿಡುವಿಲ್ಲ. ಇಕಾರ ಉಕಾರಗಳಿಗೆ ಹ್ರಸ್ವ ದೀರ್ಘಗಳ ಭೇದವಿಲ್ಲ. ಓದುವವನು ಸಂದರ್ಭವನ್ನು ತಿಳಿದು ಪದಗಳನ್ನು ಬಿಡಿಸಬೇಕು. ಡಿಕಂಪೈಲರ್ ಬರೆದುಕೊಡುವ ಪಾಠವನ್ನೂ ಹಾಗೆಯೇ ಓದಬೇಕು. ಅದು ಬಲ್ಲವರು ಬಿಡಿಸಿದ ಪಾಠವೇ ಹೊರತು ಮೂಲ ಹಸ್ತಪ್ರತಿಯಲ್ಲ.

ಈ ವಿದ್ಯೆ ಹೊಸದೇನೂ ಅಲ್ಲ. 1960ರ ಸುಮಾರಿಗೆ ಅಮೆರಿಕೆಯ ನೌಕಾಪಡೆಯ ಪ್ರಯೋಗಾಲಯದಲ್ಲಿ ಮಾರಿಸ್ ಹಾಲ್ಸ್‌ಟೆಡ್ ಅವರ ಮಾರ್ಗದರ್ಶನದಲ್ಲಿ ಮೊದಲ ಡಿಕಂಪೈಲರುಗಳಲ್ಲಿ ಒಂದು ಸಿದ್ಧವಾಯಿತು. ಒಂದು ಯಂತ್ರಕ್ಕೆಂದು ಬರೆದ ಕೆಲಸವನ್ನು ಇನ್ನೊಂದು ಯಂತ್ರಕ್ಕೆ ಸಾಗಿಸಬೇಕಾದ ಅಗತ್ಯದಿಂದ ಆ ಯತ್ನ ಹುಟ್ಟಿತು. ಹಳೆಯ ಯಂತ್ರ ಸತ್ತರೂ ಕೆಲಸ ಉಳಿಯಬೇಕೆಂಬ ನಮ್ಮ ಶಾಲೆಯ ಚಿಂತೆಯೇ ಅಂದು ಅವರದೂ ಆಗಿತ್ತು. 1994ರಲ್ಲಿ ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನಲ್ಲಿ ಕ್ರಿಸ್ಟಿನಾ ಸಿಫುಎಂಟೆಸ್ ಎಂಬ ವಿದುಷಿ ಇದೇ ವಿಷಯದ ಮೇಲೆ ಬರೆದ ಪ್ರಬಂಧ ಮುಂದಿನವರಿಗೆ ದಾರಿಯಾಯಿತು.

ಹೆಸರಾಂತ ಸಲಕರಣೆ, ಬೇರೆ ಬೀಗ

ಶಾಲೆಯ ಗುರುಗಳೊಬ್ಬರ ತಂಗಿಯ ಮಗ ಇಂಜಿನಿಯರಿಂಗ್ ಓದುತ್ತಾನೆ. ಅವನು ಉತ್ಸಾಹದಿಂದ ಗಿಡ್ರಾ ಎಂಬ ಸಲಕರಣೆಯನ್ನು ತಂದು ಹಾಕಿದ. ಅದು ಸಾಮಾನ್ಯವಾದುದಲ್ಲ. ಅಮೆರಿಕೆಯ ರಾಷ್ಟ್ರೀಯ ಭದ್ರತಾ ಸಂಸ್ಥೆ ತನ್ನ ಕೆಲಸಕ್ಕೆಂದು ಕಟ್ಟಿಕೊಂಡು, 2019ರ ಮಾರ್ಚಿನಲ್ಲಿ ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟದ್ದು. ಅಲ್ಲಿಯವರೆಗೆ ಈ ಕ್ಷೇತ್ರದಲ್ಲಿ ಮೆರೆಯುತ್ತಿದ್ದ ಐಡಾ ಪ್ರೊ ಎಂಬುದರ ಬೆಲೆ ನಮ್ಮಂಥವರ ಕೈಗೆಟಕುವುದಲ್ಲ. ಆದುದರಿಂದ ಗಿಡ್ರಾ ಬಂದುದು ವಿದ್ಯಾರ್ಥಿಗಳಿಗೆ ನಿಜವಾಗಿಯೂ ದೊಡ್ಡ ಉಪಕಾರವೇ.

ಆದರೆ ನಮ್ಮ ದಾಖಲೆಯ ತಂತ್ರಾಂಶವನ್ನು ಅದರಲ್ಲಿ ತೆರೆದಾಗ ಉಪಯೋಗಕ್ಕೆ ಬರುವ ಒಂದು ಸಾಲೂ ಕಾಣಲಿಲ್ಲ. ಹುಡುಗ ಒಂದು ದಿನವಿಡೀ ಕುಳಿತ. ತನಗೆ ಬುದ್ಧಿ ಸಾಲದೆಂದು ಬೇಸರಪಟ್ಟ. ತಪ್ಪು ಅವನ ಬುದ್ಧಿಯದಾಗಿರಲಿಲ್ಲ, ಗಿಡ್ರಾದ್ದೂ ಆಗಿರಲಿಲ್ಲ. ಗಿಡ್ರಾ ಮುಖ್ಯವಾಗಿ ಸಿ, ಸಿ++ ಮುಂತಾದ ಭಾಷೆಗಳಿಂದ ನೇರವಾಗಿ ಯಂತ್ರಭಾಷೆಗೆ ಇಳಿದ ತಂತ್ರಾಂಶಗಳನ್ನು ಬಿಚ್ಚುತ್ತದೆ. ನಮ್ಮದು ಡಾಟ್ ನೆಟ್ ಎಂಬ ಮೈಕ್ರೋಸಾಫ್ಟ್ ವ್ಯವಸ್ಥೆಯಲ್ಲಿ, ವಿಷುಯಲ್ ಬೇಸಿಕ್ಕಿನಲ್ಲಿ ಬರೆದದ್ದು. ಅಂಥ ತಂತ್ರಾಂಶ ಪೂರ್ತಿ ಯಂತ್ರಭಾಷೆಗೆ ಇಳಿಯದೆ ಒಂದು ನಡುಭಾಷೆಯಲ್ಲಿ ನಿಂತಿರುತ್ತದೆ. ಅದನ್ನು ಓದಲು ಬೇರೆಯೇ ಸಲಕರಣೆ ಬೇಕು. ಊರಿನ ದೊಡ್ಡ ಕುಡುಗೋಲನ್ನೇ ತಂದರೂ ಬೀಗ ತೆರೆಯದು. ಬೀಗಕ್ಕೆ ಅದರದೇ ಕೀಲಿಕೈ ಬೇಕು.

ಆದುದರಿಂದ ಮೊದಲು ಕೇಳಬೇಕಾದುದು "ಯಾವ ಸಲಕರಣೆ ಉತ್ತಮ?" ಎಂದಲ್ಲ, "ನನ್ನ ಕೈಯಲ್ಲಿರುವ ಕಡತ ಯಾವುದರಿಂದ ಆದದ್ದು?" ಎಂದು. ಇದನ್ನು ಕಂಡುಹಿಡಿಯಲು "ಡಿಟೆಕ್ಟ್ ಇಟ್ ಈಸಿ" ಎಂಬ ಉಚಿತ ತಂತ್ರಾಂಶವಿದೆ. ಕಡತವನ್ನು ಅದಕ್ಕೆ ಕೊಟ್ಟರೆ ಯಾವ ಕಂಪೈಲರಿನಿಂದ ಬಂದದ್ದೆಂದು ಬಹುಮಟ್ಟಿಗೆ ಹೇಳುತ್ತದೆ. ಲಿನಕ್ಸ್ ಇರುವವರು "ಫೈಲ್" ಎಂಬ ಆಜ್ಞೆಯಿಂದಲೂ ಸುಳಿವನ್ನು ಪಡೆಯಬಹುದು. ಉತ್ತರ ಸಿಕ್ಕಿತೆಂದರೆ ಆಯ್ಕೆಯ ಅರ್ಧ ಭಾಗ ಮುಗಿದಂತೆ.

ಡಾಟ್ ನೆಟ್ ಆದರೆ ಐಎಲ್‌ಸ್ಪೈ, ಅಥವಾ ಜೆಟ್‌ಬ್ರೇನ್ಸ್ ಸಂಸ್ಥೆಯ ಡಾಟ್‌ಪೀಕ್, ಇವೆರಡೂ ಉಚಿತ. ಜಾವಾ ಆದರೆ ಸಿಎಫ್‌ಆರ್. ಮೊಬೈಲಿನ ಆಂಡ್ರಾಯ್ಡ್ ಆ್ಯಪ್ ಆದರೆ ಜಾಡೆಕ್ಸ್. ಸಿ ಅಥವಾ ಸಿ++ ಆದರೆ ಗಿಡ್ರಾ. ಡಾಟ್ ನೆಟ್ಟಿಗಿಂತ ಹಿಂದಿನ, 1998ರಲ್ಲಿ ಬಂದ ವಿಷುಯಲ್ ಬೇಸಿಕ್ 6 ಆದರೆ ಸ್ವಲ್ಪ ತೊಡಕು. ಅದರಲ್ಲಿ ತಂತ್ರಾಂಶವನ್ನು ಎರಡು ಬಗೆಯಾಗಿ ಸಿದ್ಧಪಡಿಸಬಹುದಾಗಿತ್ತು. ನಡುಭಾಷೆಯಲ್ಲಿ ಬಿಟ್ಟಿದ್ದರೆ ವಿಬಿ ಡಿಕಂಪೈಲರ್ ಎಂಬ ಸಲಕರಣೆಯಿಂದ ಬಹುಪಾಲು ಓದಬಹುದು. ಯಂತ್ರಭಾಷೆಗೆ ಇಳಿಸಿದ್ದರೆ ತುಣುಕುಗಳು ಮಾತ್ರ ದೊರೆಯುತ್ತವೆ. ಫಾಕ್ಸ್‌ಪ್ರೊದಲ್ಲಿ ಬರೆದ ಹಳೆಯ ಲೆಕ್ಕಪತ್ರದ ತಂತ್ರಾಂಶಗಳಿಗೆ ರಿಫಾಕ್ಸ್ ಎಂಬುದಿದೆ.

ಬಿಚ್ಚುವ ಮೊದಲು

ಇಲ್ಲೊಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಬಹಳ ಸಲ ಬಿಚ್ಚುವ ಅಗತ್ಯವೇ ಇರುವುದಿಲ್ಲ. ಜನರಿಗೆ ಬೇಕಾಗಿರುವುದು ಹೆಸರು, ಹುಟ್ಟಿದ ತಾರೀಖು, ಅಂಕಗಳು, ಅಂದರೆ ದತ್ತಾಂಶ. ಅದು ತಂತ್ರಾಂಶದ ಪಕ್ಕದಲ್ಲಿ ಬೇರೆ ಕಡತವಾಗಿ ಕುಳಿತಿರುತ್ತದೆ. ಫಾಕ್ಸ್‌ಪ್ರೊ ಕಾಲದ ಡಿಬಿಎಫ್ ಕಡತವನ್ನು ಉಚಿತವಾದ ಲಿಬ್ರೆ ಆಫೀಸಿನ ಕೋಷ್ಟಕದಲ್ಲಿ ನೇರವಾಗಿ ತೆರೆಯಬಹುದು. ಮೈಕ್ರೋಸಾಫ್ಟ್ ಆಕ್ಸೆಸ್ಸಿನ ಎಂಡಿಬಿ ಕಡತವನ್ನು ಓದಲೂ ಉಚಿತ ಸಾಧನಗಳಿವೆ. ಮೂಲ ಕಡತವನ್ನು ಮುಟ್ಟದೆ ಅದರ ನಕಲು ತೆಗೆದುಕೊಂಡು, ನಕಲಿನ ಮೇಲೆಯೇ ಕೆಲಸ ಮಾಡಬೇಕು. ಇದರಲ್ಲಿ ತಪ್ಪಿದರೆ ಇರುವುದನ್ನೂ ಕಳೆದುಕೊಳ್ಳುತ್ತೇವೆ.

ಎರಡನೆಯದು, ಹೊರಗಿನಿಂದ ಗಮನಿಸಿಯೇ ಎಷ್ಟೋ ಸಂಗತಿಗಳನ್ನು ತಿಳಿಯಬಹುದು. 2 ಎಂಬ ಅಂಕೆಗೆ ಯಾವ ಭಾಷೆ ಎಂದು ತಿಳಿಯಲು ನಾವು ಮೊದಲು ತಂತ್ರಾಂಶವನ್ನು ಬಿಚ್ಚಲಿಲ್ಲ. ಊರಿನಲ್ಲಿಯೇ ಇರುವ ನಾಲ್ಕು ಮನೆಗಳಿಂದ ಹಳೆಯ ದಾಖಲೆಗಳನ್ನು ತರಿಸಿ, ಅಂಕೆಗೂ ಮುದ್ರಿತ ಪದಕ್ಕೂ ತಾಳೆ ನೋಡಿದೆವು. 2 ಇದ್ದವರೆಲ್ಲರ ಕಾಗದದಲ್ಲಿ ಕನ್ನಡವೆಂದೇ ಇತ್ತು. ಆದರೆ ಖಾಲಿ ಜಾಗದ ಗುಟ್ಟು ಹೊರಗಿನಿಂದ ಪೂರ್ತಿ ತಿಳಿಯಲಿಲ್ಲ. ಒಂದು ಕಾಗದದಲ್ಲಿ ಮರಾಠಿ ಎಂದು ಬಂದದ್ದು ಕಾಣುತ್ತಿತ್ತು. ಅದು ನಿಯಮವೋ, ಆಕಸ್ಮಿಕವೋ, ಎಲ್ಲ ಖಾಲಿ ಜಾಗಗಳಿಗೂ ಹೀಗೆಯೇ ಆಗಿದೆಯೋ ಎಂಬುದನ್ನು ತಿಳಿಯಲು ಒಳಗೆ ನೋಡುವುದು ಅನಿವಾರ್ಯವಾಯಿತು.

ಎರಡು ಸಲಕರಣೆಗಳ ನಡುವೆ

ಒಂದೇ ಕೆಲಸಕ್ಕೆ ಎರಡು ಮೂರು ಸಲಕರಣೆಗಳಿರುವಾಗ ಯಾವುದನ್ನು ಆರಿಸಬೇಕು? ನಾವು ನೋಡಿದ ಸಂಗತಿಗಳು ಇವು.

ಮೊದಲನೆಯದು, ಅದು ನಾಳೆಯೂ ಇರುತ್ತದೆಯೇ ಎಂಬುದು. ಡಾಟ್ ನೆಟ್ಟಿನ ಲೋಕದಲ್ಲಿ ಒಂದು ಕಾಲಕ್ಕೆ ಎಲ್ಲರೂ ಬಳಸುತ್ತಿದ್ದುದು ಲುಟ್ಜ್ ರೋಡರ್ ಎಂಬುವರು ಬರೆದ ರಿಫ್ಲೆಕ್ಟರ್ ಎಂಬ ಉಚಿತ ಸಲಕರಣೆ. 2008ರಲ್ಲಿ ರೆಡ್ ಗೇಟ್ ಎಂಬ ಕಂಪನಿ ಅದನ್ನು ಕೊಂಡುಕೊಂಡಿತು. 2011ರ ಆರಂಭದಲ್ಲಿ ಇನ್ನು ಮುಂದೆ ಅದು ಉಚಿತವಲ್ಲವೆಂದು ಸಾರಿತು. ಅದನ್ನೇ ನಂಬಿದ್ದವರು ಕಂಗಾಲಾದರು. ಆಗಲೇ ಕೆಲವು ಪ್ರೋಗ್ರಾಮರುಗಳು ಸೇರಿ ಐಎಲ್‌ಸ್ಪೈ ಎಂಬುದನ್ನು ಮುಕ್ತ ತಂತ್ರಾಂಶವಾಗಿ ಬರೆಯತೊಡಗಿದರು. ಅದರ ಮೂಲಸಂಕೇತವೇ ಎಲ್ಲರ ಕೈಯಲ್ಲಿರುವುದರಿಂದ ಒಬ್ಬರು ಬಾಗಿಲು ಹಾಕಿದರೆ ಇನ್ನೊಬ್ಬರು ತೆರೆಯಬಹುದು. ಉಚಿತವಾದುದಕ್ಕೂ ಮುಕ್ತವಾದುದಕ್ಕೂ ಇರುವ ಅಂತರ ಇದೇ. ಉಚಿತವಾದುದು ಕೊಟ್ಟವರ ದಯೆಯಿಂದ ಬಂದದ್ದು. ಮುಕ್ತವಾದುದರ ಮೇಲೆ ನಮ್ಮೆಲ್ಲರ ಹಕ್ಕಿದೆ.

ಎರಡನೆಯದು ಸುರಕ್ಷಿತತೆ. ದುಬಾರಿ ಸಲಕರಣೆಯ ಕಳ್ಳಪ್ರತಿಗಳು ಅಲ್ಲಲ್ಲಿ ಸಿಗುತ್ತವೆ. ಅವುಗಳ ಹತ್ತಿರವೂ ಸುಳಿಯಬಾರದು. 2021ರಲ್ಲಿ ಐಡಾ ಪ್ರೊದ ಇಂಥ ಒಂದು ಪ್ರತಿಯೊಳಗೆ ಕಳ್ಳಸಂಕೇತವನ್ನು ಸೇರಿಸಿ, ಅದನ್ನು ಬಳಸುವ ಭದ್ರತಾ ತಜ್ಞರ ಗಣಕಗಳಿಗೇ ಕನ್ನ ಹಾಕುವ ಯತ್ನ ನಡೆದುದನ್ನು ಇಸೆಟ್ ಸಂಸ್ಥೆ ಬಯಲಿಗೆಳೆಯಿತು. ಬಲ್ಲವರಿಗೇ ಬಲೆ ಹಾಕುವವರು ನಮ್ಮ ಶಾಲೆಯ ಗಣಕವನ್ನು ಬಿಡುವರೇ? ಜೊತೆಗೆ ನಮ್ಮ ಗ್ರಂಥಸ್ವಾಮ್ಯ ಕಾಯ್ದೆಯ 63ಬಿ ಕಲಮಿನ ಪ್ರಕಾರ, ಕಳ್ಳಪ್ರತಿ ಎಂದು ತಿಳಿದೂ ಗಣಕದಲ್ಲಿ ತಂತ್ರಾಂಶವನ್ನು ಬಳಸುವುದೇ ಅಪರಾಧ. ಅದಕ್ಕೆ 7 ದಿನಗಳಿಂದ 3 ವರ್ಷಗಳವರೆಗೆ ಸೆರೆವಾಸವೂ 50,000 ರೂಪಾಯಿಗಳಿಂದ 2 ಲಕ್ಷ ರೂಪಾಯಿಗಳವರೆಗೆ ದಂಡವೂ ಇದೆ.

ಮೂರನೆಯದು ಮಕ್ಕಳ ಮಾಹಿತಿ. ಕಡತವನ್ನು ಕಳುಹಿಸಿದರೆ ಅಂತರ್ಜಾಲದಲ್ಲಿಯೇ ಬಿಚ್ಚಿಕೊಡುವ ತಾಣಗಳಿವೆ. ಅಭ್ಯಾಸಕ್ಕೆ ಅವು ಒಳ್ಳೆಯವು. ಆದರೆ ಶಾಲೆಯ ತಂತ್ರಾಂಶದೊಡನೆ ಮಕ್ಕಳ ಹೆಸರು, ಜಾತಿ, ಹುಟ್ಟಿದ ದಿನಾಂಕಗಳೂ ಹೊರಗೆ ಹೋಗುವ ಅಪಾಯವಿರುವಾಗ ಅದು ಸಲ್ಲದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರನ್ನು ಮಕ್ಕಳೆಂದೇ ಎಣಿಸುತ್ತದೆ. ನಮ್ಮ ಗಣಕದಲ್ಲಿಯೇ, ಅಂತರ್ಜಾಲದ ತಂತಿಯನ್ನು ಬಿಡಿಸಿಟ್ಟು ಕೆಲಸ ಮಾಡುವ ಸಲಕರಣೆಯೇ ಲೇಸು.

ನಾಲ್ಕನೆಯದು ನಮ್ಮ ಯಂತ್ರದ ಶಕ್ತಿ. ಗಿಡ್ರಾಕ್ಕೆ ಜಾವಾ ಬೇಕು, ಸಾಕಷ್ಟು ಸ್ಮರಣೆಯೂ ಬೇಕು. ಐಎಲ್‌ಸ್ಪೈ ಚಿಕ್ಕದು. ಸಿಎಫ್‌ಆರ್ ಒಂದೇ ಒಂದು ಕಡತ. ಶಾಲೆಯ ಮುದಿ ಗಣಕಯಂತ್ರಕ್ಕೆ ಹೊರಲಾಗದ ಹೊರೆಯನ್ನು ಹೊರಿಸಬಾರದು.

ಐದನೆಯದು ಪರೀಕ್ಷೆ. ಬಿಚ್ಚಬೇಕಾದ ಕಡತದ ಮೇಲೆ ನೇರವಾಗಿ ಕೈಹಾಕದೆ, ಅದೇ ಭಾಷೆಯಲ್ಲಿ ಐದು ಸಾಲಿನ ತಂತ್ರಾಂಶವನ್ನು ನಾವೇ ಬರೆದು, ಸಿದ್ಧಪಡಿಸಿ, ಅದನ್ನು ಬಿಚ್ಚಿ ನೋಡಬೇಕು. ನಾವು ಬರೆದುದೇನು, ಮರಳಿ ಬಂದುದೇನು ಎಂಬುದನ್ನು ಹೋಲಿಸಿದರೆ ಆ ಸಲಕರಣೆಯ ಯೋಗ್ಯತೆ ತಾನಾಗಿಯೇ ತಿಳಿಯುತ್ತದೆ.

ಒಳಗೆ ಕಂಡದ್ದು

ಐಎಲ್‌ಸ್ಪೈಯಲ್ಲಿ ತೆರೆದಾಗ ಹತ್ತೇ ನಿಮಿಷದಲ್ಲಿ ಬೇಕಾದ ಸ್ಥಳ ಸಿಕ್ಕಿತು. ಹಳೆಯ ವಿದ್ಯಾರ್ಥಿ ಬರೆದದ್ದು ವಿಷುಯಲ್ ಬೇಸಿಕ್ಕಿನಲ್ಲಿ. ಸಲಕರಣೆ ನಮಗೆ ತೋರಿಸಿದ್ದು ಸಿ ಶಾರ್ಪ್ ಎಂಬ ಬೇರೆ ಭಾಷೆಯಲ್ಲಿ. ನಡುಭಾಷೆಯಿಂದ ಮೇಲಕ್ಕೆ ಬರುವಾಗ ಇದು ಸಹಜ. ಮರಾಠಿಯಲ್ಲಿ ಬರೆದ ಪತ್ರವನ್ನು ಕನ್ನಡ ಅನುವಾದದಲ್ಲಿ ಓದಿದಂತೆ. ಸಂಗತಿ ಅದೇ, ವಾಕ್ಯ ಬೇರೆ. ಡಾಟ್ ನೆಟ್ ತಂತ್ರಾಂಶಗಳಲ್ಲಿ ವಿಧಾನಗಳ ಹೆಸರುಗಳು ಉಳಿಯುವುದರಿಂದ "ಮಾತೃಭಾಷೆ" ಎಂಬ ಅರ್ಥದ ಹೆಸರಿನ ತುಣುಕನ್ನು ಗುರುತಿಸುವುದು ಸುಲಭವಾಯಿತು.

ಆದರೆ ಭಾಷೆಗಳ ಹೆಸರುಗಳಿರಬೇಕಾದಲ್ಲಿ ಕಂಡದ್ದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಇದು ಬೇರೆಯೇ ಒಂದು ಒಗಟು. ಯುನಿಕೋಡ್ ಬಳಕೆ ಹರಡುವ ಮುನ್ನ ನಮ್ಮ ಭಾಷೆಗಳ ಫಾಂಟುಗಳು ಇಂಗ್ಲಿಷಿನ ಸ್ಥಾನಗಳನ್ನೇ ಎರವಲು ಪಡೆದಿದ್ದವು. ನುಡಿಯ ಹಳೆಯ ಫಾಂಟಿನಲ್ಲಿ ಬರೆದ "ಕ" ಅಕ್ಷರವನ್ನು ಆ ಫಾಂಟಿಲ್ಲದೆ ನೋಡಿದರೆ ಇಂಗ್ಲಿಷಿನ ಪಿ ಅಕ್ಷರವೂ ಅದರ ಪಕ್ಕದಲ್ಲಿ ತಲೆಯ ಮೇಲೆ ಓರೆಗೆರೆಯನ್ನು ಹೊತ್ತ ಎ ಅಕ್ಷರವೂ ಕಾಣುತ್ತವೆ. ನಮ್ಮ ತಂತ್ರಾಂಶದಲ್ಲಿ ಇದ್ದುದು ಹಳೆಯದೊಂದು ದೇವನಾಗರಿ ಫಾಂಟು. ಆ ಪದಗಳನ್ನು ನಕಲಿಸಿ, ಅದೇ ಫಾಂಟಿನಲ್ಲಿ ಹಾಕಿ ನೋಡಿದಾಗ ಒಗಟು ಬಿಡಿಸಿತು. 1 ಎಂದರೆ ಮರಾಠಿ. 2 ಎಂದರೆ ಕನ್ನಡ. 3 ಹಿಂದಿ. 4 ಉರ್ದು. ಕೊನೆಯಲ್ಲಿ ಒಂದು ಸಾಲು: ಇವಾವುವೂ ಅಲ್ಲದಿದ್ದರೆ, ಮರಾಠಿ.

ಎಲ್ಲರೂ ಒಂದು ಕ್ಷಣ ಸುಮ್ಮನಾದೆವು. ಯಾರೋ ದ್ವೇಷದಿಂದ ಮಾಡಿದ್ದಲ್ಲ ಇದು. ತಂತ್ರಾಂಶವನ್ನು ಬರೆಯುವಾಗ "ಉಳಿದದ್ದಕ್ಕೆ ಏನಾದರೊಂದು ಇರಲಿ" ಎಂದು ಹುಡುಗ ಹಾಕಿದ ಸಾಲು. ಆಮೇಲೆ ಮಾಹಿತಿಯನ್ನು ತುಂಬಿದವರು ಅವಸರದಲ್ಲಿ ಆ ಮನೆಯನ್ನು ಖಾಲಿ ಬಿಟ್ಟರು. ಎರಡೂ ಸಣ್ಣ ಸೋಮಾರಿತನಗಳೇ. ಎರಡೂ ಸೇರಿ ಕನ್ನಡ ಶಾಲೆಯಲ್ಲಿ ಓದಿದ ಮಗುವಿನ ಭಾಷೆಯನ್ನು ಅಳಿಸಿದ್ದವು. ಪಟ್ಟಿ ತೆಗೆದು ನೋಡಿದರೆ ಖಾಲಿ ಬಿಟ್ಟ ಹೆಸರು ಇವಳದೊಂದೇ ಆಗಿರಲಿಲ್ಲ.

ಪುಣೆಯ ಆ ಹುಡುಗನಿಗೆ ಮತ್ತೆ ಫೋನು ಮಾಡಿ ತಿಳಿಸಿದೆವು. ಅವನು ಬಹಳ ನೊಂದುಕೊಂಡ. "ಗುರುಗಳೇ, ಅಲ್ಲಿ 'ನಮೂದಿಸಿಲ್ಲ' ಅಂತ ಬರೆಯಬೇಕಿತ್ತು" ಎಂದ. ಅದೇ ಸರಿಯಾದ ಮಾತು. ಗೊತ್ತಿಲ್ಲದುದನ್ನು ಗೊತ್ತಿಲ್ಲವೆಂದೇ ಬರೆಯುವುದು ಪ್ರಾಮಾಣಿಕ ಲೆಕ್ಕದ ಮೊದಲ ಪಾಠ.

ಕಾನೂನಿನ ಮಾತು

ಬೇರೆಯವರು ಬರೆದುದನ್ನು ಬಿಚ್ಚಿ ನೋಡುವುದು ಸರಿಯೇ ಎಂದು ಪಾಲಕರು ಕೇಳಬಹುದು. ಕೇಳಲೇಬೇಕು. 1957ರ ಗ್ರಂಥಸ್ವಾಮ್ಯ ಕಾಯ್ದೆಯ 52ನೆಯ ಕಲಮಿಗೆ 1999ರ ತಿದ್ದುಪಡಿಯಿಂದ ಕೆಲವು ವಿನಾಯಿತಿಗಳು ಸೇರಿದವು. ತಂತ್ರಾಂಶವನ್ನು ಕಾನೂನುಬದ್ಧವಾಗಿ ಹೊಂದಿರುವವನು, ತಾನು ಸ್ವತಂತ್ರವಾಗಿ ರಚಿಸಿದ ಇನ್ನೊಂದು ತಂತ್ರಾಂಶ ಅದರೊಂದಿಗೆ ಹೊಂದಿಕೊಂಡು ನಡೆಯಲು ಅತ್ಯಗತ್ಯವಾದ ಮಾಹಿತಿ ಬೇರೆಲ್ಲೂ ಸುಲಭವಾಗಿ ದೊರೆಯದಿದ್ದರೆ, ಅದನ್ನು ಪಡೆಯಲು ಬೇಕಾದ ಕ್ರಮವನ್ನು ಕೈಗೊಳ್ಳಬಹುದು. ತಂತ್ರಾಂಶವನ್ನು ಬಳಸುತ್ತಲೇ ಅದು ಹೇಗೆ ನಡೆಯುತ್ತದೆಂದು ಗಮನಿಸಿ, ಪರೀಕ್ಷಿಸಿ, ಅದರ ಹಿಂದಿನ ತತ್ತ್ವವನ್ನು ತಿಳಿಯುವುದಕ್ಕೂ ಅಡ್ಡಿಯಿಲ್ಲ. ಆದರೆ ಬೇರೊಬ್ಬರ ಸಂಕೇತವನ್ನು ಬಿಚ್ಚಿ, ಹೆಸರು ಬದಲಿಸಿ ತನ್ನದೆಂದು ಹಂಚುವುದಕ್ಕೆ ಈ ವಿನಾಯಿತಿ ನೆರಳಾಗದು. ಬರೆದವರು ಸಿಗುವಂತಿದ್ದರೆ ಅವರ ಒಪ್ಪಿಗೆಯನ್ನು ಪಡೆಯುವುದೇ ಎಲ್ಲಕ್ಕಿಂತ ಉತ್ತಮ. ನಾವು ಪುಣೆಗೆ ಮೊದಲು ಫೋನು ಮಾಡಿದ್ದು ಅದಕ್ಕೇ. ಆಮೇಲೆ ಲಿಖಿತ ಒಪ್ಪಿಗೆಯನ್ನೂ ತರಿಸಿಟ್ಟುಕೊಂಡೆವು.

ಇನ್ನೊಂದು ಎಚ್ಚರ. ತಂತ್ರಾಂಶದ ಒಳಗೆ ಕಂಡದ್ದು ತಪ್ಪಿಗೆ ಕಾರಣವನ್ನು ಹೇಳಿತು. ಆದರೆ ಹುಡುಗಿಯ ಮಾತೃಭಾಷೆ ಕನ್ನಡವೆಂಬುದಕ್ಕೆ ಅದು ಪುರಾವೆಯಾಗಲಿಲ್ಲ. ಪುರಾವೆ ಸಿಕ್ಕಿದ್ದು ಕಚೇರಿಯ ಮೂಲೆಯ ತಗಡಿನ ಪೆಟ್ಟಿಗೆಯಲ್ಲಿ. ಪ್ರವೇಶದ ವೇಳೆ ಮನೆಯವರು ತುಂಬಿಕೊಟ್ಟಿದ್ದ ಅರ್ಜಿ ಅಲ್ಲಿತ್ತು. ಅದರಲ್ಲಿ ಹುಡುಗಿಯ ಅಜ್ಜಿಯ ಹೆಬ್ಬೆಟ್ಟಿನ ಗುರುತಿನ ಮೇಲೆ, ಅಂದಿನ ಗುರುಗಳ ಕೈಬರಹದಲ್ಲಿ, ಮಾತೃಭಾಷೆ ಕನ್ನಡ ಎಂದು ಸ್ಪಷ್ಟವಾಗಿ ಬರೆದಿತ್ತು. ಆ ಅರ್ಜಿಯನ್ನು ಮುಂದಿಟ್ಟು, ನಿಯಮದಂತೆ ಮೇಲಧಿಕಾರಿಗಳ ಮಂಜೂರಿಗಾಗಿ ದುರಸ್ತಿಯ ಪ್ರಸ್ತಾವವನ್ನು ಕಳುಹಿಸಲಾಗಿದೆ. ಅವಳೊಬ್ಬಳದಲ್ಲ, ಅರ್ಜಿ ಸಿಕ್ಕಿದವರೆಲ್ಲರದೂ. ಮಂಜೂರಿಯನ್ನು ಕಾಯುತ್ತಿದ್ದೇವೆ.

ನಮ್ಮ ಪಾಲಿನ ಕೆಲಸ

ನಮ್ಮ ಶಾಲೆಗಳು ಚಿಕ್ಕವು. ದೊಡ್ಡ ಕಂಪನಿಗಳು ನಮಗಾಗಿ ತಂತ್ರಾಂಶವನ್ನು ಬರೆಯುವುದಿಲ್ಲ. ಹಳೆಯ ವಿದ್ಯಾರ್ಥಿಗಳೋ, ಗುರುಗಳ ಮಕ್ಕಳೋ ಪ್ರೀತಿಯಿಂದ ಮಾಡಿಕೊಟ್ಟದ್ದೇ ನಮಗೆ ಆಧಾರ. ಆ ಪ್ರೀತಿ ವ್ಯರ್ಥವಾಗದಿರಲು ಶಾಲೆಗಳು ಮೂರು ಕೆಲಸಗಳನ್ನು ಮಾಡಬೇಕು. ತಂತ್ರಾಂಶವನ್ನು ಪಡೆಯುವಾಗ ಅದರ ಮೂಲಸಂಕೇತವನ್ನೂ ಕೇಳಿ ಪಡೆದು ಎರಡು ಕಡೆ ಇಡಬೇಕು. ಯಾವ ಅಂಕೆಗೆ ಯಾವ ಅರ್ಥ ಎಂಬುದನ್ನು ಕಾಗದದ ಮೇಲೆ ಬರೆಸಿ ರಜಿಸ್ಟರಿಗೆ ಅಂಟಿಸಬೇಕು. ದತ್ತಾಂಶವನ್ನು ವರ್ಷಕ್ಕೊಮ್ಮೆ ಯುನಿಕೋಡ್ ಅಕ್ಷರಗಳಲ್ಲಿ ಸಾದಾ ಕೋಷ್ಟಕವಾಗಿ ಇಳಿಸಿಟ್ಟುಕೊಳ್ಳಬೇಕು. ಇಷ್ಟು ಮಾಡಿದರೆ ಬಿಚ್ಚುವ ಸಲಕರಣೆಯನ್ನು ಹುಡುಕುವ ಪ್ರಸಂಗವೇ ಬಾರದು. ಪಾಲಕರು ಮಾಡಬೇಕಾದುದು ಒಂದೇ: ದಾಖಲೆ ಕೈಗೆ ಬಂದ ದಿನವೇ ಪ್ರತಿಯೊಂದು ಕಾಲಮ್ಮನ್ನೂ ಓದಿ ನೋಡುವುದು. ಶಿರೂರ ಅನಂತಪಾಳದ ಆ ತಂದೆ ಕಾಗದವನ್ನು ಎರಡು ಸಲ ಓದದೆ ಮಡಿಚಿ ಜೇಬಿನಲ್ಲಿಟ್ಟುಕೊಂಡಿದ್ದರೆ ಇದಾವುದೂ ಹೊರಬರುತ್ತಿರಲಿಲ್ಲ.

ವಿದ್ಯಾರ್ಥಿ ಮಿತ್ರರಿಗೆ ಒಂದು ಅಭ್ಯಾಸ. ಜಾವಾ ಭಾಷೆಯಲ್ಲಿ ಹೆಸರುಗಳನ್ನು ಕನ್ನಡ ಲಿಪಿಯಲ್ಲಿಯೇ ಇಡಬಹುದು. "ಬೆಲೆ" ಎಂಬ ವಿಧಾನವನ್ನು ಬರೆದು, ಅದರೊಳಗೆ "ಜೋಳ", "ತೂಕ" ಎಂಬ ಎರಡು ಚರಗಳನ್ನಿಟ್ಟು ಗುಣಿಸಿರಿ. ಮೇಲೊಂದು ಟಿಪ್ಪಣಿಯನ್ನೂ ಬರೆಯಿರಿ. ಸಿದ್ಧಪಡಿಸಿದ ಕಡತವನ್ನು ಸಿಎಫ್‌ಆರ್‌ನಿಂದ ಬಿಚ್ಚಿರಿ. "ಬೆಲೆ" ಉಳಿಯಿತೇ? "ಜೋಳ" ಏನಾಯಿತು? ಟಿಪ್ಪಣಿ ಎಲ್ಲಿ ಹೋಯಿತು? ಕಂಡುದನ್ನು ಪತ್ರದಲ್ಲಿ ಬರೆದು ಕಳುಹಿಸಿರಿ. ಮುಂದಿನ ವಾರ, ಹಳೆಯ ಫಾಂಟಿನಲ್ಲಿರುವ ಕನ್ನಡ ಕಡತಗಳನ್ನು ಯುನಿಕೋಡಿಗೆ ತರುವ ಬಗೆಯನ್ನು ನೋಡೋಣ.